ಹಾಜರಿ ಪಟ್ಟಿಗೆ ಸಿಗದ ಲೆಕ್ಕ

ಜಗತ್ತಿನಲ್ಲಿ ಪ್ರತಿ 6 ಮಂದಿಯಲ್ಲಿ ಒಬ್ಬರು ಒಂಟಿತನದಿಂದ ಬಳಲುತ್ತಿದ್ದಾರೆ. ವರ್ಷಕ್ಕೆ 8,71,000ಕ್ಕೂ ಅಧಿಕ ಸಾವುಗಳಿಗೆ ಒಂಟಿತನದ ನಂಟಿದೆ. ವಿಶ್ವ ಆರೋಗ್ಯ ಸಂಸ್ಥೆಯ ಆಯೋಗವೊಂದು 2025ರ ಜೂನ್ ಅಂತ್ಯದಲ್ಲಿ ಪ್ರಕಟಿಸಿದ ವರದಿಯ ಅಂದಾಜು ಇದು. ಹಾಗಾದರೆ, ‘ನಾನೂ ಈ ಸಮುದಾಯಕ್ಕೆ ಸೇರಿದವನು’ ಎಂಬ ಭಾವ ಒಬ್ಬನಲ್ಲಿ ಎಷ್ಟರ ಮಟ್ಟಿಗೆ ಇದೆಯೆಂದು ಅಳೆಯುವುದೆಂತು?

ಕೆನಡಾ ದೇಶದ ಸರಕಾರಿ ಆರೋಗ್ಯ ಸಮೀಕ್ಷೆಯು ಸರಳವಾದ ಮಾರ್ಗವನ್ನು ಅನುಸರಿಸಿದೆ. ನೀವು ವಾಸಿಸುವ ಸ್ಥಳದ ಸಮುದಾಯಕ್ಕೆ ಸೇರಿದವರೆಂಬ ಭಾವ ನಿಮ್ಮಲ್ಲಿ ಎಂಥದು ಎಂಬುದು ಅದರ ಪ್ರಶ್ನೆ. ಬಹಳ ಬಲವಾದುದು, ತಕ್ಕಮಟ್ಟಿಗೆ ಬಲವಾದುದು, ತಕ್ಕಮಟ್ಟಿಗೆ ದುರ್ಬಲ, ಬಹಳ ದುರ್ಬಲ ಎಂಬ 4 ಉತ್ತರಗಳಲ್ಲಿ ಒಂದನ್ನು ಆರಿಸಬೇಕು. ಇದರಿಂದ ನಂಟು ಸಡಿಲವಾಗಿರುವುದು ತಿಳಿದೀತೇ ಹೊರತು, ಏಕೆ ಸಡಿಲವಾಯಿತೆಂಬುದು ತಿಳಿಯದು.

ಈ ‘ಏಕೆ’ ಎಂಬುದಕ್ಕೆ ನೆರವಾಗುವ ವಿವೇಚನೆಯನ್ನು ಅಮೆರಿಕದ ಮನಶ್ಶಾಸ್ತ್ರಜ್ಞರಾದ ಡೇವಿಡ್ ಮೆಕ್‌ಮಿಲನ್ ಹಾಗೂ ಡೇವಿಡ್ ಚಾವಿಸ್ 1986ರಲ್ಲಿ ಮುಂದಿಟ್ಟರು. ಸಮುದಾಯ ಭಾವಕ್ಕೆ 4 ಆಧಾರಗಳಿವೆಯೆಂದು ಅವರು ವಾದಿಸಿದರು: ಸದಸ್ಯತ್ವ, ಪರಸ್ಪರ ಪ್ರಭಾವ, ಅಗತ್ಯಗಳ ಪೂರೈಕೆ ಮತ್ತು ಸುಖದುಃಖಗಳಲ್ಲಿ ಬೆಳೆದ ಭಾವಬಂಧ. ಅವರ ಆಲೋಚನೆಯ ಆಧಾರದಲ್ಲಿ ಪ್ರಶ್ನಾವಳಿಗಳೂ ರೂಪುಗೊಂಡವು.

ನಮ್ಮ ಸಂಘಸಂಸ್ಥೆಗಳು ಸಾಮಾನ್ಯವಾಗಿ ಲೆಕ್ಕವಿಡುವುದು ಮೊದಲನೆಯದನ್ನು ಮಾತ್ರ. ಹೆಸರು ದಾಖಲೆಯಲ್ಲಿದೆ, ವಂತಿಗೆ ಸಂದಾಯವಾಗಿದೆ, ಹಬ್ಬದ ಊಟಕ್ಕೆ ಎಲೆಗಳು ತುಂಬಿವೆ. ಆದುದರಿಂದ ಒಗ್ಗಟ್ಟಿದೆ ಎಂದು ತೀರ್ಮಾನಿಸುತ್ತೇವೆ. ಆದರೆ ಬಾಡಿಗೆ ಮನೆಯ ಕುಟುಂಬದ, ಒಂಟಿ ವಿಧವೆಯ, ದುಡಿಮೆಗಾಗಿ ಪರವೂರಿನಿಂದ ಬಂದ ಯುವಕನ ಅಭಿಪ್ರಾಯವನ್ನು ಯಾರಾದರೂ ಕೇಳಿದ್ದುಂಟೇ? ತನ್ನ ಮಾತಿಗೆ ಬೆಲೆಯಿಲ್ಲವೆಂದು ಕಂಡುಕೊಂಡವನು ಜಗಳವಾಡಿ ಹೊರಡುವುದು ವಿರಳ. ಸದ್ದಿಲ್ಲದೆ ಹಿಂದೆ ಸರಿಯುತ್ತಾನೆ. ಹೆಸರು ಮಾತ್ರ ಪಟ್ಟಿಯಲ್ಲಿ ಉಳಿಯುತ್ತದೆ.

ಅಳತೆಯಲ್ಲಿಯೂ ಒಂದು ಅಪಾಯವಿದೆ. ಸಭೆಯಲ್ಲಿ ಹಂಚಿದ ಪ್ರಶ್ನಾವಳಿಯನ್ನು ತುಂಬುವವರು ಸಭೆಗೆ ಬಂದವರೇ ತಾನೆ? ದೂರವಾದವರು ಲೆಕ್ಕದಿಂದಲೂ ದೂರವೇ ಉಳಿಯುತ್ತಾರೆ. 10ರಲ್ಲಿ 9 ಮಂದಿ ‘ಬಲವಾದ ನಂಟಿದೆ’ ಎಂದರೆ ನಾವು ಸಂತೋಷಪಡುತ್ತೇವೆ. ಆದರೆ ಸಮೀಕ್ಷೆಯ ನಿಜವಾದ ಪ್ರಯೋಜನವಿರುವುದು 10ನೆಯವನ ಉತ್ತರದಲ್ಲಿ. ಅವನನ್ನು ಕಾಣಲು ಕಾಗದ ಸಾಲದು, ಮನೆಯ ಬಾಗಿಲಿಗೇ ಹೋಗಬೇಕು.

ಕಳೆದ ಒಂದು ವರ್ಷದಲ್ಲಿ ನಮ್ಮ ವಠಾರದಲ್ಲಿ ಯಾರ ಮಾತಿನಿಂದ ಒಂದು ನಿರ್ಧಾರ ಬದಲಾಯಿತು, ಯಾರ ಮಾತನ್ನು ಕೇಳಲೇ ಇಲ್ಲ? ಪ್ರತಿಯೊಂದು ಕುಟುಂಬವೂ ಈ ಸಂಜೆ ಈ ಪ್ರಶ್ನೆಯನ್ನು ತನ್ನೊಳಗೆ ಕೇಳಿಕೊಳ್ಳಲಿ. ಅಳತೆಯ ಕಾರ್ಯ ಅಲ್ಲಿಂದಲೇ ಆರಂಭವಾಗಬೇಕು.