ಗೋವಿನಜೋಳದ ಪ್ಲಾಸ್ಟಿಕ್ಕು: ಒಂದು ವಿಚಾರ

ಧಾರವಾಡದ ಲಕಮನಹಳ್ಳಿಯ ಹೆಸರು ಇಂದು ಕೈಗಾರಿಕಾ ಪ್ರದೇಶದೊಡನೆ ಬೆರೆತುಹೋಗಿದೆ. ಅಲ್ಲಿಂದ ಸ್ವಲ್ಪ ದೂರ ಹೋದರೆ ಗೋವಿನಜೋಳದ ಹೊಲಗಳು. ಇಂಥ ನೆಲದಲ್ಲಿ, ಬೆಳೆಯಿಂದಲೇ ಪ್ಲಾಸ್ಟಿಕ್ ತಯಾರಿಸಬಹುದೆಂಬ ಮಾತು ಇಂಪಾಗಿ ಕೇಳುವುದು ಸಹಜ. ರೈತನಿಗೆ ಬೆಲೆ, ತರುಣರಿಗೆ ಉದ್ಯೋಗ, ವಾಯುಮಂಡಲಕ್ಕೆ ಹಗುರ. ಮೂರೂ ಒಮ್ಮೆಲೇ ದೊರೆಯುವಂತೆ ತೋರುತ್ತದೆ.

ವಿದ್ಯೆಯೇನೋ ಗುಟ್ಟಿನದಲ್ಲ. ಕಾಳಿನ ಪಿಷ್ಟವನ್ನು ಸಕ್ಕರೆಯಾಗಿಸಿ, ಹಾಲನ್ನು ಮೊಸರಾಗಿಸುವ ಜಾತಿಯ ಸೂಕ್ಷ್ಮಜೀವಿಗಳಿಂದ ಅದನ್ನು ಹುಳಿಯಿಸಿದರೆ ಲ್ಯಾಕ್ಟಿಕ್ ಆಮ್ಲ ದೊರೆಯುತ್ತದೆ. ಅದರ ಅಣುಗಳನ್ನು ಸರಪಳಿಯಂತೆ ಪೋಣಿಸಿದರೆ ಪ್ಲಾಸ್ಟಿಕ್ಕು. ಅಮೆರಿಕದ ನೆಬ್ರಾಸ್ಕಾದಲ್ಲಿ 2002ರಿಂದಲೇ ಇದರ ದೊಡ್ಡ ಕಾರ್ಖಾನೆಯಿದೆ. ಮೊದಲ ಮೆಟ್ಟಿಲಾದ ಪಿಷ್ಟದ ತಯಾರಿಕೆಯು ನೆರೆಯ ಶಿಗ್ಗಾಂವಿ ತಾಲ್ಲೂಕಿನ ಹುಲಸೋಗಿಯವರೆಗೂ ಬಂದಿದೆ.

ಲೆಕ್ಕವನ್ನು ಮಾತ್ರ ಪೂರ್ತಿಯಾಗಿ ಬರೆಯಬೇಕು. ಬೆಳೆಯು ಗಾಳಿಯಿಂದ ಇಂಗಾಲವನ್ನು ಹೀರಿಕೊಳ್ಳುವುದು ನಿಜ. ಆದರೆ ಆ ಬೆಳೆಗೆ ಹಾಕುವ ಯೂರಿಯಾವನ್ನು ನೈಸರ್ಗಿಕ ಅನಿಲದಿಂದ ತಯಾರಿಸಲಾಗುತ್ತದೆ. ಹೊಲದಲ್ಲಿ ಅದರಿಂದ ಏಳುವ ನೈಟ್ರಸ್ ಆಕ್ಸೈಡ್ ಅನಿಲವು, ತೂಕಕ್ಕೆ ತೂಕ ನೋಡಿದರೆ, ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಹೆಚ್ಚು ಶಾಖವನ್ನು ಹಿಡಿದಿಡುತ್ತದೆ. ಒಂದು ಕಿಲೋ ಪ್ಲಾಸ್ಟಿಕ್ಕಿಗೆ ಸುಮಾರು ಎರಡೂವರೆ ಕಿಲೋ ಕಾಳು ಬೇಕು. ಅದೇ ಕಾಳು ಕೋಳಿಗೂ ದನಕ್ಕೂ ಆಹಾರ. ಆದುದರಿಂದ ಕಾಳಿನ ಬದಲು ತೆನೆಯ ಬೆಂಡು, ದಂಟು, ಬೆಳಗಾವಿ ಸೀಮೆಯ ಕಬ್ಬಿನ ಸಿಪ್ಪೆ ಇವುಗಳಿಂದ ಸಕ್ಕರೆ ತೆಗೆಯುವ ಮಾರ್ಗವೇ ಮೇಲು. ಅದು ಕಠಿಣ, ವೆಚ್ಚವೂ ಅಧಿಕ. ಸಹಾಯಧನ ಕೊಡುವುದಾದರೆ ಅಲ್ಲಿ ಕೊಡಬೇಕು.

ಇನ್ನು ಕರಗುವ ಮಾತು. 2022ರ ಜುಲೈ 1ರಂದು ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳನ್ನು ದೇಶದಾದ್ಯಂತ ನಿಷೇಧಿಸಿದಾಗ, ಗೊಬ್ಬರವಾಗಬಲ್ಲ ಪ್ಲಾಸ್ಟಿಕ್ಕಿಗೆ ಪ್ರಮಾಣಪತ್ರದ ಷರತ್ತಿನ ಮೇಲೆ ವಿನಾಯಿತಿ ದೊರೆಯಿತು. ಕೊಳ್ಳುವವರು ಅದನ್ನು ಗಟಾರಿಗೆಸೆದರೂ ಮಣ್ಣಾಗುವ ವಸ್ತುವೆಂದು ತಿಳಿದಿದ್ದಾರೆ. ಹಾಗಲ್ಲ. ಪಾಲಿಲ್ಯಾಕ್ಟಿಕ್ ಆಮ್ಲದ ಪ್ಲಾಸ್ಟಿಕ್ಕು ಬೇಗ ಕರಗಲು ಸುಮಾರು 60 ಡಿಗ್ರಿ ಶಾಖ, ತೇವ, ಗಾಳಿ ಮೂರೂ ವಾರಗಟ್ಟಲೆ ಬೇಕು. ಮನೆಯ ತಿಪ್ಪೆಯಲ್ಲಿ ಅಷ್ಟು ಶಾಖ ಅಷ್ಟು ದಿನ ನಿಲ್ಲದು. ಪಿಷ್ಟ ಬೆರೆಸಿದ ಚೀಲವು ಗಾಳಿಯಾಡದ ಕಸದ ಗುಡ್ಡೆಯಲ್ಲಿ ಕೊಳೆತರಂತೂ ಮೀಥೇನ್ ಹುಟ್ಟುತ್ತದೆ. ಇಂಗಾಲ ಉಳಿಸಹೋಗಿ ಮೀಥೇನ್ ತಂದಂತಾಯಿತು!

ಆದ್ದರಿಂದ ಕಾರ್ಖಾನೆಗಿಂತ ಮೊದಲು ಹಸಿಕಸವನ್ನು ಬೇರೆಯಾಗಿ ಒಯ್ಯುವ ಗಾಡಿ, ಅದನ್ನು ಹದವಾಗಿ ಬೇಯಿಸುವ ಗೊಬ್ಬರದ ಅಂಗಳ ಅವಳಿನಗರಕ್ಕೆ ಬೇಕು. ಆಮೇಲೆ ಹಸಿಕಸ ತುಂಬುವ ಚೀಲಕ್ಕೆ ಈ ವಸ್ತು ಸಾರ್ಥಕ. ಮೆಣಸಿನಕಾಯಿ, ಕಲ್ಲಂಗಡಿಯ ಸಾಲಿಗೆ ಹೊದಿಸುವ ಹಾಳೆಗೂ ಸರಿ, ಮಣ್ಣಿನಲ್ಲಿಯೇ ಕರಗುವುದೆಂದು ಪ್ರತ್ಯೇಕವಾಗಿ ಪರೀಕ್ಷಿಸಿದ್ದಾದರೆ. ಹರಿದ ಹಾಳೆಯನ್ನು ಹೊಲದಿಂದ ಆರಿಸುವವರ ಶ್ರಮ ಅದರಿಂದ ತಪ್ಪೀತು. ಜಾತ್ರೆಯ ಪ್ರಸಾದಕ್ಕೆ ಮುತ್ತುಗದ ಪತ್ರಾವಳಿ ಇರುವಾಗ ಗೋವಿನಜೋಳದ ತಟ್ಟೆ ಏತಕ್ಕೆ?

ಬೆಳೆಯಿಂದ ಬಂದು ಮಣ್ಣಿಗೆ ಮರಳುವ ಉದ್ಯಮ ಈ ನಾಡಿಗೆ ಹೊಸದೂ ಅಲ್ಲ. ಗರಗವು ಧ್ವಜದ ಖಾದಿಗೆ ಹೆಸರಾದ ಊರು; ಹುಬ್ಬಳ್ಳಿಯ ಬೆಂಗೇರಿಯಲ್ಲಿ ಹತ್ತಿಯ ರಾಷ್ಟ್ರಧ್ವಜ ಸಿದ್ಧವಾಗುತ್ತದೆ. 2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆಯನ್ನು ತಿದ್ದಿ, ಪೆಟ್ರೋಲಿಯಂ ಮೂಲದ ಪಾಲಿಯೆಸ್ಟರ್ ಬಟ್ಟೆಗೂ ಅನುಮತಿ ನೀಡಲಾಯಿತು. ಬೆಳೆಯ ಪ್ಲಾಸ್ಟಿಕ್ಕಿಗೆ ಸಹಾಯಧನ ಕೋರಿ ಮನವಿ ಬರೆಯುವವರು ಆ ತಿದ್ದುಪಡಿಯ ಮರುಪರಿಶೀಲನೆಯನ್ನೂ ಅದೇ ಹಾಳೆಯಲ್ಲಿ ಕೇಳಲಿ.