ಪದದ ಅರ್ಥ, ನೆಲದ ಹಕ್ಕು

ಜಮೀನಿನ ಕ್ರಯಪತ್ರವನ್ನು ಓದಿಸಿ ಕೇಳಿದವರಿಗೆ 'ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯಗಳೆಂಬ ಅಷ್ಟಭೋಗ ತೇಜಸ್ವಾಮ್ಯಸಹಿತ' ಎಂಬ ಮಾತು ಪರಿಚಿತವಾದುದೇ. ವಿಜಯನಗರ ಕಾಲದ ದಾನಶಾಸನಗಳಲ್ಲಿಯೂ ಈ ಪದಗಳು ಕಾಣಸಿಗುತ್ತವೆ. ಬರೆಯುವವನು ರೂಢಿಯಿಂದ ಬರೆಯುತ್ತಾನೆ. ಒಪ್ಪುವವನು ನಂಬಿಕೆಯಿಂದ ರುಜು ಹಾಕುತ್ತಾನೆ. ಅರ್ಥವನ್ನು ಕೇಳುವವರು ವಿರಳ.

ಆದರೆ ಇವು ಬರಿಯ ಅಲಂಕಾರದ ಮಾತುಗಳಲ್ಲ. ನಿಧಿ ನಿಕ್ಷೇಪಗಳೆಂದರೆ ನೆಲದಲ್ಲಿ ಹುದುಗಿದ ಸಂಪತ್ತು. ಜಲ ಪಾಷಾಣಗಳೆಂದರೆ ಅಲ್ಲಿಯ ನೀರು ಮತ್ತು ಕಲ್ಲು. ಅಕ್ಷೀಣಿಯೆಂದರೆ ಕ್ಷಯಿಸದೆ ಸಲ್ಲುವ ಲಾಭ. ಆಗಾಮಿಯೆಂದರೆ ಮುಂದೆ ಬರುವ ಲಾಭ. ಸಿದ್ಧವೆಂದರೆ ಈಗಾಗಲೇ ಒದಗಿರುವ ಫಲ. ಸಾಧ್ಯವೆಂದರೆ ಇನ್ನು ದುಡಿದು ಪಡೆಯಬಹುದಾದ ಫಲ. ಹಾಗೆಂದು ಪತ್ರದಲ್ಲಿರುವುದೆಲ್ಲವೂ ಕೈಸೇರಿತೆಂದು ತಿಳಿಯಬಾರದು. ಹತ್ತು ರೂಪಾಯಿಗೆ ಮೀರಿದ ನಿಧಿ ದೊರೆತರೆ ಸರ್ಕಾರದ ಅಧಿಕಾರಿಗೆ ತಿಳಿಸಬೇಕೆಂದು ೧೮೭೮ರ ಕಾನೂನೇ ವಿಧಿಸಿತು. ಪದವು ಹಾಗೆಯೇ ಉಳಿಯಿತು. ಅದು ಹೇಳುವ ಹಕ್ಕಿಗೆ ಮಿತಿಯುಂಟಾಯಿತು.

ಇದಕ್ಕಿಂತಲೂ ಹೆಚ್ಚು ಯೋಚಿಸಬೇಕಾದ ಪದವೊಂದು ನಮ್ಮ ಪಹಣಿಯಲ್ಲಿದೆ. ಅದು 'ಖರಾಬು'. ಕೆಟ್ಟದ್ದು ಎಂಬುದು ಅದರ ಮೂಲಾರ್ಥ. ೧೯೬೬ರ ಭೂಕಂದಾಯ ನಿಯಮಗಳಂತೆ ಇದರಲ್ಲಿ ಎರಡು ಬಗೆ. ಸಾಗುವಳಿಗೆ ಒದಗದ ನೆಲವು 'ಎ' ಖರಾಬು. ಹಿಡುವಳಿದಾರನ ಕಣವೂ ಇದರಲ್ಲಿ ಸೇರುತ್ತದೆ. ದಾರಿ, ಹಳ್ಳ, ಕೆರೆ, ಸ್ಮಶಾನ ಮೊದಲಾಗಿ ಸಾರ್ವಜನಿಕರಿಗಾಗಿ ಬಿಟ್ಟ ನೆಲವು 'ಬಿ' ಖರಾಬು. ಕಂದಾಯದ ಕಣ್ಣಿಗೆ ಕೆಟ್ಟದ್ದಾದ ಈ ನೆಲವೇ ಊರಿನ ಬಾಳಿಗೆ ಬೇಕಾದುದು! ಅರ್ಥವನ್ನರಿಯದವನು ಇದು ಯಾರಿಗೂ ಸೇರದ ಹಾಳುಭೂಮಿಯೆಂದು ಬಗೆಯುತ್ತಾನೆ. ಅರಿತೂ ಆಸೆಪಟ್ಟವನು ಬೇಲಿಯನ್ನು ಒಂದೊಂದೇ ಮೊಳ ಮುಂದಕ್ಕೆ ಸರಿಸುತ್ತಾನೆ. ಕೊನೆಗೆ ದನಗಳಿಗೆ ದಾರಿಯಿಲ್ಲ, ಮಳೆನೀರಿಗೆ ಹಳ್ಳವಿಲ್ಲ, ಸತ್ತವರಿಗೆ ಆರಡಿ ನೆಲವಿಲ್ಲ.

ಇಂತಹ ಹಳೆಯ ಪದಗಳನ್ನೆಲ್ಲ ಕಿತ್ತೊಗೆಯಬೇಕೆಂದು ಕೆಲವರು ವಾದಿಸುವುದುಂಟು. ಅದು ಸರಿಯಲ್ಲ. ಹಿಂದಿನ ದಾಖಲೆಗಳಲ್ಲಿ ಆ ಪದಗಳೇ ಇರುವುದರಿಂದ, ಅವುಗಳನ್ನು ಮರೆತರೆ ಅವು ಕಾಯುತ್ತಿರುವ ಹಕ್ಕನ್ನೂ ಮರೆತಂತೆ. ಹಾಗೆಂದು ಅರ್ಥವಾಗದ ಮಾತಿಗೆ ಜನರಿಂದ ರುಜು ಹಾಕಿಸಿಕೊಳ್ಳುವುದೂ ನ್ಯಾಯವಲ್ಲ. ಹಳೆಯ ಪದವು ಇರಲಿ. ಅದರ ಪಕ್ಕದಲ್ಲಿ ತಿಳಿಗನ್ನಡದ ವಿವರಣೆಯೂ ಇರಲಿ.

ಅಲ್ಲಿಯವರೆಗೆ ಓದುಬಲ್ಲವರ ಮೇಲೊಂದು ಹೊಣೆಯಿದೆ. ಮನೆಯ ಹಿರಿಯರು ಪತ್ರವೊಂದನ್ನು ಮುಂದಿಟ್ಟಾಗ ಅದನ್ನು ಓದಿ ಹೇಳಿದರೆ ಸಾಲದು. ತಿಳಿಯದ ಪದವನ್ನು ತಿಳಿದವರಿಂದ ಕೇಳಿ, ಅರ್ಥವನ್ನೂ ಹೇಳಬೇಕು. ರುಜು ಬೀಳಬೇಕಾದುದು ಅದರ ಅನಂತರ.