ಪಾಕೀಟಿನ ಚಿತ್ರಾ ನೋಡಬ್ಯಾಡ್ರಿ, ಚೀಟಿ ಓದ್ರಿ

ಅಕ್ಕ-ತಂಗೇರೆ, ಹೋದ ವಾರ ಕಟ್ಟಿ ಮ್ಯಾಲ ಕುಂತಾಗ ನಮ್ಮ ನೆಗೆಣ್ಣಿ ಕೇಳಿದ್ಲು, "ಯಕ್ಕಾ, ಹಿತ್ತಲಕ್ಕ ಟಮಾಟಿ ಬೀಜ ಫೋನಿನಾಗ ತರಸಬೇಕಂತ ಮಾಡೀನಿ, ಯಾರ ಕಡಿಂದ ತರಸ್ಲಿ?" ಅಲ್ಲಿದ್ದ ನಾಕು ಮಂದಿ ನಾಕು ಹೆಸರು ಹೇಳಿದ್ರು. ನಾ ಸುಮ್ಮನ ಕುಂತೆ. ಯಾಕಂದ್ರ ಒಮ್ಮೆ ಚಿತ್ರಾ ನೋಡಿ ಮೋಸ ಹೋದಾಕಿ ನಾ. ಅವತ್ತು ಹೇಳದ್ದನ್ನ ಇವತ್ತು ಬರೀತೀನಿ.

ಮೂರು ವರ್ಷದ ಹಿಂದ ಮಗನ ಕೈಲೆ ಒಂದು ಪಾಕೀಟು ತರಿಸಿದ್ದೆ. ಪಾಕೀಟಿನ ಮ್ಯಾಲ ದ್ರಾಕ್ಷಿ ಗೊಂಚಲದಂಗ ಕೆಂಪನ ಹಣ್ಣು. ತಳಿ ಹೆಸರಿಲ್ಲ, ತಾರೀಕಿಲ್ಲ. ಇಪ್ಪತ್ತು ಬೀಜ ಹಾಕಿದ್ರ ಆರು ಹುಟ್ಟಿದ್ವು. ಆ ಆರೂ ಎಲಿ ಮುದುಡಿ ಮುರುಟಿ ಹೋದ್ವು. ಮಾರಿದವರಿಗೆ ಫೋನ್ ಮಾಡಿದ್ರ ಯಾರೂ ಎತ್ತಲಿಲ್ಲ.

ರೊಕ್ಕ ಹೋದದ್ದಕ್ಕ ಅಳಲಿಲ್ಲ. ನಮ್ಮ ಅತ್ತಿಯವರು ಬೂದಿ ಕಲಿಸಿ ಡಬ್ಬಿಯೊಳಗ ಇಡತಿದ್ದ ಜವಾರಿ ಟಮಾಟಿ ಬೀಜ ಇತ್ತು. ಸಣ್ಣ ಹಣ್ಣು, ಸೊಟ್ಟಂಪಟ್ಟ, ಆದ್ರ ಹುಳಿ ಅಂದ್ರ ಹುಳಿ! ಎರಡು ಹಣ್ಣು ಹಿಚುಕಿದ್ರ ಸಾರಿಗೆ ಹುಣಸಿಹಣ್ಣು ಬ್ಯಾಡಾಗಿತ್ತು. ಹೊಸಾ ಪಾಕೀಟು ಬಂತಲ್ಲ ಅಂತ ಆ ವರ್ಷ ಅದನ್ನ ಹಾಕಲಿಲ್ಲ. ಅದರ ಹಿಂದಿನ ವರ್ಷನೂ ಹಾಕಿದ್ದಿಲ್ಲ. ಮುಂದ ಡಬ್ಬಿ ತಗದು ಬಿತ್ತಿದ್ರ ಒಂದೂ ಮೊಳಕಿ ಬರಲಿಲ್ಲ. ಅತ್ತಿಯವರು ಬೈಲಿಲ್ಲ. "ಸ್ವಲ್ಪರ ಹಾಕಬೇಕಿತ್ತವಾ" ಅಂದ್ರು, ಅಷ್ಟ. ಬೈದಿದ್ರ ಚಲೋ ಇತ್ತು.

ಅದಕ್ಕ ನನ್ನ ಅಭಿಪ್ರಾಯ ಇಷ್ಟ: ನಂಬಿಗಸ್ಥ ಬೀಜದವ್ರು ಅಂದ್ರ ಚಂದನ ಚಿತ್ರಾ ಹಾಕವ್ರಲ್ಲ, ಕಡಿಮಿ ರೇಟಿಗೆ ಕೊಡವ್ರೂ ಅಲ್ಲ. ತಾವು ಏನು ಮಾರ್ತೀವಿ ಅಂತ ಬರದು ಕೊಟ್ಟು, ಅದಕ್ಕ ಜವಾಬ್ದಾರಿ ಆಗವ್ರು.

ಪಾಕೀಟಿನ ಮ್ಯಾಲ ತಳಿ ಹೆಸರು, ಲಾಟ್ ನಂಬರ್, ನೂರಕ್ಕ ಎಷ್ಟು ಮೊಳಕಿ ಬರ್ತಾವು, ಪರೀಕ್ಷೆ ಮಾಡಿದ ತಾರೀಕು, ಎಲ್ಲಿತನಕ ನಡೀತದ, ಮಾರಿದವ್ರ ವಿಳಾಸ ಇಷ್ಟು ಇರಬೇಕು. 1966ರ ಬೀಜ ಕಾಯ್ದೆ ಇದ ಮಾತು ಹೇಳ್ತದ. ಟಮಾಟಿಗೆ ಕಡಿಮಿ ಅಂದ್ರ ನೂರಕ್ಕ 70 ಮೊಳಕಿ ಬರಬೇಕು ಅಂತ ಲೆಕ್ಕ ಅದ. ನನ್ನ ಇಪ್ಪತ್ತರಾಗ ಹದಿನಾಕು ಹುಟ್ಟಬೇಕಿತ್ತು, ಹುಟ್ಟಿದ್ದು ಆರು. ಫೋನಿನಾಗ ತರಸಾಕ ಮೊದಲ ಪಾಕೀಟಿನ ಹಿಂಭಾಗದ ಫೋಟೋ ಕಳಸ್ರಿ ಅಂತ ಕೇಳ್ರಿ. ಕಳಸದವರ ಬೀಜ ನಮಗ ಬ್ಯಾಡ. ನೀಲಿ ಟಮಾಟಿ, ಗಿಡದಷ್ಟು ಎತ್ತರದ ಟಮಾಟಿ ಅಂತ ತೋರಸವ್ರನ್ನಂತೂ ದೂರದಿಂದನ ಕೈ ಮುಗೀರಿ.

ಎರಡನೇ ಮಾತು, ಹೈಬ್ರಿಡ್ ಏನ್ ತಳಿ ಏನ್ ಅಂತ ಕೇಳ್ರಿ. ಪಾಕೀಟಿನ ಮ್ಯಾಲ ಎಫ್-1 ಅಂತಿದ್ರ ಅದು ಹೈಬ್ರಿಡ್. ಹೈಬ್ರಿಡ್ ಕೆಟ್ಟದ್ದು ಅಂತ ನಾ ಹೇಳೂದಿಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರ 'ಅರ್ಕಾ ರಕ್ಷಕ್' ಹೈಬ್ರಿಡ್ಡ, ಎಲಿ ಮುದುಡು ರೋಗ, ಸೊರಗು ರೋಗ, ಅಂಗಮಾರಿ ಮೂರನ್ನೂ ತಡೀತದ. ವರ್ಷಾ ವರ್ಷಾ ಬಿಳಿ ನೊಣ ಬಂದು ಗಿಡ ಮುದುಡುವ ಮನಿಯವ್ರು ಅದನ್ನ ಹಾಕಲಿ. ಆದ್ರ ಅದರ ಹಣ್ಣಿನ ಬೀಜ ಇಟ್ಟು ಮರುವರ್ಷ ಬಿತ್ತಿದ್ರ ಅದ ಹಣ್ಣು ಬರೂದಿಲ್ಲ, ಮತ್ತ ಪಾಕೀಟ ತರಸಬೇಕು. ಅದ ಸಂಸ್ಥೆಯ 'ಅರ್ಕಾ ವಿಕಾಸ್' ಹೈಬ್ರಿಡ್ ಅಲ್ಲ, ತಳಿ. ಬೀಜ ಇಟ್ಟುಕೊಂಡು ಬಿತ್ತಬಹುದು. ಇವರು ಬೀಜ ಅಂಚೆಯಿಂದ ಮನಿಗೇ ಕಳಸ್ತಾರ. ನಾ ಮೊದಲು ಹೇಳೂ ಹೆಸರು ಇದ. ಯಾವ ಹಂಗಾಮಿಗೆ ಯಾವುದು ಅಂತ ಅನುಮಾನ ಇದ್ರ ಹಿಟ್ಟಿನಹಳ್ಳಿ ಇಲ್ಲಾ ಇಂಡಿ ಕೃಷಿ ವಿಜ್ಞಾನ ಕೇಂದ್ರದಾಗ ಕೇಳ್ರಿ.

ಮೂರನೇದು, ಒಬ್ಬೊಬ್ಬರ ತರಸಬ್ಯಾಡ್ರಿ. ಒಂದು ಗ್ರಾಂನಾಗ ಹೆಚ್ಚು ಕಡಿಮಿ 300 ಬೀಜ ಇರ್ತಾವು. ಹಿತ್ತಲಕ್ಕ ಎಂಟು-ಹತ್ತು ಗಿಡ ಸಾಕು. 10 ಗ್ರಾಂ ಪಾಕೀಟು ಇಡೀ ಓಣಿಗೆ ಆಗಿ ಉಳೀತದ.

ಪಾಕೀಟು ಬಂದ ದಿನ ಹತ್ತು ಬೀಜ ಹಸಿ ಅರಬಿಯೊಳಗ ಸುತ್ತಿ, ಒಣಗದಂಗ ನೀರು ಚಿಮುಕಿಸಿ ಇಡ್ರಿ. ಒಂದು ವಾರ, ಚಳಿ ಇದ್ರ ಹತ್ತು ದಿನ. ಏಳರ ಮ್ಯಾಲ ಮೊಳಕಿ ಬಂದ್ರ ಅಗಿ ಹಾಕ್ರಿ. ಬೀಜ ಗುಲಾಬಿ ಬಣ್ಣ ಇದ್ರ ಔಷಧ ಹಚ್ಚ್ಯಾರ ಅಂತ ತಿಳ್ಕೊಂಡು ಕೈ ತೊಳ್ಕೋರಿ, ಕೂಸುಗಳ ಕೈಗೆ ಸಿಗದಂಗ ಇಡ್ರಿ.

ಇನ್ನ, ಬಿಲ್ಲು ಮತ್ತ ಪಾಕೀಟು ಒಗೀಬ್ಯಾಡ್ರಿ. ನಾ ಒಗದಿದ್ದೆ, ಅದಕ್ಕ ನನ್ನ ಮಾತಿಗೆ ಸಾಕ್ಷಿ ಇರಲಿಲ್ಲ. ಕಳಪೆ ಬೀಜ ಕೊಂಡ ರೈತರೂ ಗ್ರಾಹಕರ, ಅವ್ರು ಗ್ರಾಹಕರ ನ್ಯಾಯಾಲಯಕ್ಕ ಹೋಗಬಹುದು ಅಂತ 2012ರಾಗ ಸುಪ್ರೀಂ ಕೋರ್ಟು ಹೇಳ್ಯಾದ. ಇಪ್ಪತ್ತು ಬೀಜಕ್ಕ ನಾವೇನು ಕೋರ್ಟಿಗೆ ಹೋಗೂದಿಲ್ಲ. ಆದ್ರ ಬಿಲ್ಲು ಕೇಳೂ ಹೆಣ್ಮಗಳಿಗೆ ಹಳೇ ಬೀಜ ಕಳಸಾಕ ಮಾರವ್ರು ಒಂದು ಸಲ ವಿಚಾರ ಮಾಡ್ತಾರ.

ತಳಿ ಚಲೋ ಬಂದ್ರ, ಎಲ್ಲಾಕಿಂತ ಗಟ್ಟಿ ಗಿಡದ ಎರಡು ಹಣ್ಣು ಕೊಯ್ಯದ ಬಿಡ್ರಿ. ಪೂರ್ತಿ ಹಣ್ಣಾದ ಮ್ಯಾಲ ತಿಳ್ಳು ತಗದು ಎರಡು ದಿನ ಹುಳಿ ಬರಸಿ, ತೊಳದು, ನೆರಳಾಗ ಒಣಗಿಸಿ, ಬಿಗಿ ಮುಚ್ಚಳದ ಡಬ್ಬಿಯೊಳಗ ಹಾಕಿ ತಾರೀಕು ಬರದು ಇಡ್ರಿ. ಮರುವರ್ಷ ಅರ್ಧ ಬಿತ್ತರಿ, ಅರ್ಧ ಇಡ್ರಿ. ಪೂರಾ ಬಿತ್ತೂದೂ ತಪ್ಪು, ಬಿತ್ತದ ಇಡೂದೂ ತಪ್ಪು. ಇದನ್ನ ನಾ ಕಳಕೊಂಡು ಕಲ್ತೆ.

ಕಡೀಕ ಒಂದು ಮಾತು. ನಿಮ್ಮ ತವರುಮನಿ ಹಿತ್ತಲದಾಗ ಆ ಸಣ್ಣ ಹುಳಿ ಜವಾರಿ ಟಮಾಟಿ ಇನ್ನೂ ಇದ್ರ, ಒಂದು ಚಿಟಿಕಿ ಬೀಜ ಕಾಗದದಾಗ ಮಡಚಿ ಕಳಸ್ರಿ. ಬದಲಿಗೆ ಅರ್ಕಾ ವಿಕಾಸ್ ಕೊಡ್ತೀನಿ. ಅತ್ತಿಯವ್ರು ಈಗ ಎಂಬತ್ತು ದಾಟ್ಯಾರ. ಅವ್ರು ಇರೂದ್ರಾಗ ಆ ಸಾರು ಒಮ್ಮೆ ಮಾಡಿ ಬಡಸಬೇಕಂತ ಮನಸ್ಸದ.